ಕಂಡಷ್ಟೇ ಬರೆಯಿರಿ ಎಂದಿದ್ದೆ

ನಾನು ಸಿಟ್ಟಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಸಂಗತಿಯಲ್ಲಿ ನನ್ನ ಸಿಟ್ಟಿನ ಪಾಲೂ ಇದೆ. ನಿಲಂಗಾ ತಾಲೂಕಿನ ಅಂಚಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಮಾಸ್ತರ. ಊರು ಮಹಾರಾಷ್ಟ್ರದ್ದು, ಮನೆಮಾತು ಕನ್ನಡ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಬಸ್ಸಿನಲ್ಲಿ ಮರಾಠಿ ಆಡುತ್ತಾರೆ, ಜಗಳಕ್ಕೆ ಬಿದ್ದರೆ ಎರಡನ್ನೂ ಕಲಸುತ್ತಾರೆ. ಅವರ ಬಾಯಿಗೆ ಬರವಿಲ್ಲ. ಆದರೆ ಕೈಗೆ ಪೆನ್ಸಿಲ್ ಕೊಟ್ಟು ಬರೆಯಿರಿ ಎಂದರೆ ಸಾಕು, ಇಡೀ ತರಗತಿ ಬಾಯಿಗೆ ಬೀಗ ಹಾಕಿಕೊಂಡು ಕೂತುಬಿಡುತ್ತಿತ್ತು.

ಏನು ವಿಷಯ ಕೊಟ್ಟರೂ ಅವರ ಪ್ರಬಂಧ ಒಂದೇ. ನಮ್ಮೂರು ಬಹಳ ಸುಂದರವಾಗಿದೆ. ನಮ್ಮ ಶಾಲೆ ಬಹಳ ಸುಂದರವಾಗಿದೆ. ಒಬ್ಬ ಹುಡುಗ ಹಾವು ಕಚ್ಚಿ ಸತ್ತ ತನ್ನ ಮನೆಯ ಎಮ್ಮೆಯ ಬಗ್ಗೆ ಬರೆದ. ಎಮ್ಮೆ ಸತ್ತ ದಿನ ಅವನು ಶಾಲೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ನಾನೇ ಕಂಡಿದ್ದೆ. ಬರವಣಿಗೆಯಲ್ಲಿ ಮಾತ್ರ ‘ನಮ್ಮ ಎಮ್ಮೆ ಬಹಳ ಸುಂದರವಾಗಿದೆ, ಅದು ನಮಗೆ ಹಾಲು ಕೊಡುತ್ತದೆ’ ಎಂದಿತ್ತು. ಸತ್ತ ಎಮ್ಮೆ ಹಾಲು ಕೊಡುವುದನ್ನು ಓದಿ ನಾನು ಆ ನೋಟ್‌ಬುಕ್ಕನ್ನು ಕಿಟಕಿಯಿಂದ ಹೊರಗೆ ಒಗೆದೆ. ಆಮೇಲೆ ನಾನೇ ಹೋಗಿ ಎತ್ತಿಕೊಂಡು ಬಂದೆ. ಹುಡುಗನ ತಪ್ಪೇನಿತ್ತು? ಶಾಲೆಯಲ್ಲಿ ಬರೆಯುವುದು ಎಂದರೆ ಹೀಗೆಯೇ ಎಂದು ಕಲಿಸಿದವರು ನಾವೇ.

ಶಾಲೆಯ ಗೋಡೆಗೆ ಒಂದು ದೊಡ್ಡ ಟಿವಿ ಬಂದಿತ್ತು. ಬಂದು ಒಂದು ವರ್ಷ ಅದು ಬಟ್ಟೆ ಹೊದ್ದುಕೊಂಡೇ ಇತ್ತು. ಶಾರದಾ ಪೂಜೆಯ ದಿನ ಅದಕ್ಕೊಂದು ಹಾರ, ಎರಡು ಊದಿನಕಡ್ಡಿ. ಉಳಿದಂತೆ ಯಾರಾದರೂ ಕೈ ಹಚ್ಚಿದರೆ ಹೆಡ್ ಮಾಸ್ತರರ ಜೀವ ಹಾರುತ್ತಿತ್ತು. ನಾನು ಬಟ್ಟೆ ತೆಗೆದು ಮಕ್ಕಳಿಗೆ ಸಮುದ್ರ ತೋರಿಸಿದೆ, ಹಿಮ ಬಿದ್ದ ಬೆಟ್ಟ ತೋರಿಸಿದೆ, ಈಗ ಬರೆಯಿರಿ ಎಂದೆ. ಸಮುದ್ರ ಬಹಳ ಸುಂದರವಾಗಿದೆ ಎಂದು ಬರೆದುಕೊಟ್ಟರು. ನನಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಆ ಮೇಲೆ ಒಂದು ರವಿವಾರ ನನ್ನ ಫೋನು ಹಿಡಿದು ದೇವಣಿಗೆ ಹೋದೆ. ಸಂತೆಯ ಬದಿಯಲ್ಲಿ ಎತ್ತನ್ನು ಕೆಡವಿ ಕಾಲಿಗೆ ನಾಲು, ಅಂದರೆ ಲಾಳ, ಹೊಡೆಯುವುದನ್ನು ಐದು ನಿಮಿಷ ನಿಂತು ವಿಡಿಯೋದಲ್ಲಿ ಹಿಡಿದುಕೊಂಡೆ. ಮುಂದಿನ ವಾರ ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರು, ಅದರ ಮುಂದಿನ ವಾರ ಉದಗೀರಿನ ಒಂದು ದಾಲ್ ಮಿಲ್ಲಿನ ಮುಂದೆ ತೊಗರಿ ಚೀಲ ಇಳಿಸುವ ಹಮಾಲರು. ಟಿವಿಯಲ್ಲಿ ತಮ್ಮ ಕಡೆಯ ಎತ್ತು, ತಮ್ಮ ಕಡೆಯ ಮುಖ ಕಂಡು ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. ನಾನು ದನಿ ಬಂದ್ ಮಾಡಿದೆ. ದನಿ ಇದ್ದರೆ ಮಕ್ಕಳು ಕೇಳಿದ್ದನ್ನು ಬರೆಯುತ್ತಾರೆ, ನೋಡುವುದಿಲ್ಲ. ನನ್ನ ಕಾಯಿದೆ ಇಷ್ಟೇ ಇತ್ತು: ಮೊದಲ ಸಲ ಸುಮ್ಮನೆ ನೋಡಬೇಕು. ಎರಡನೇ ಸಲ ನೋಡುತ್ತ ಬಾಯಿಂದ ಹೇಳಬೇಕು. ಮೂರನೇ ಸಲಕ್ಕೆ ಬರೆಯಬೇಕು. ಗೊತ್ತಿದ್ದದ್ದು ಬೇಡ, ಕೇಳಿದ್ದು ಬೇಡ, ಕಂಡಷ್ಟೇ ಬರೆಯಿರಿ. ಸುಂದರ ಎಂಬ ಶಬ್ದ ಯಾರ ಹಾಳೆಯಲ್ಲಿ ಕಂಡರೂ ಅವರು ಅಂಗಳ ಕಸ ಗುಡಿಸಬೇಕು.

ಏಳನೇ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಊರಿನ ಹಳೆಯ ಒಕ್ಕಲುತನದ ಮನೆಯವಳು. ಮೂರನೇ ಸಾಲಿನಲ್ಲಿ ಗೋಡೆಗೆ ಆತು ಕೂರುತ್ತಿದ್ದಳು, ಬರೆಯುವುದಕ್ಕಿಂತ ಅಳಿಸುವುದು ಹೆಚ್ಚು. ರಬ್ಬರ್ ತಿಕ್ಕಿ ತಿಕ್ಕಿ ಅವಳ ಹಾಳೆಗಳಿಗೆ ತೂತು ಬೀಳುತ್ತಿತ್ತು. ಎತ್ತಿನ ವಿಡಿಯೋ ನೋಡಿದ ದಿನ ಅವಳು ಮೊದಲ ಸಲ ಅಳಿಸದೆ ಬರೆದಳು. ‘ಎತ್ತನ್ನು ಕೆಡವಿ ನಾಲ್ಕೂ ಕಾಲು ಕಟ್ಟಿದರು. ನಾಲು ಹೊಡೆಯುವವನು ಮೊಳೆಗಳನ್ನು ತುಟಿಯಲ್ಲಿ ಹಿಡಿದಿದ್ದ. ಅವನು ಬಡಿಯುವಾಗ ಎತ್ತು ಮಲಗಿದಲ್ಲೇ ಮೆಲುಕು ಹಾಕುತ್ತಿತ್ತು.’ ವಿಡಿಯೋ ತೆಗೆದವನು ನಾನು. ಎತ್ತು ಮೆಲುಕು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಮತ್ತೆ ಹಚ್ಚಿ ನೋಡಿದೆ, ನಿಜ, ಎತ್ತಿನ ದವಡೆ ಅಲ್ಲಾಡುತ್ತಿತ್ತು. ಆ ದಿನ ನನಗಾದ ಸಂತೋಷವನ್ನು ಹೆಂಡತಿಗೆ ಹೇಳಿದೆ, ಅವಳಿಗೆ ಅದರಲ್ಲಿ ಹಿಗ್ಗುವಂಥದ್ದು ಏನಿದೆ ಎಂದು ತಿಳಿಯಲಿಲ್ಲ.

ಆ ಹುಡುಗಿಯನ್ನು ಸಂಜೆ ಕರೆದೊಯ್ಯಲು ಬರುತ್ತಿದ್ದವಳು ಅವಳ ಸೋದರತ್ತೆ. ಲೋಹಾರಾ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಮೂವತ್ತು ದಾಟಿರಬಹುದು, ಅಷ್ಟೇ. ಗೇಟಿನ ಹತ್ತಿರ ನಿಂತು ಒಂದು ದಿನ ನನ್ನನ್ನು ತಡೆದಳು.

“ಸರ್, ಇಕಿ ಮನ್ಯಾಗೂ ಬರೀಲಿಕ್ಕತ್ಯಾಳ್ರೀ. ನಾ ರೊಟ್ಟಿ ಬಡಿಯೂದು ಬರದಾಳ. ನಾ ತಟ್ಟಿ ತಟ್ಟಿ ನಡುವ ಒಂದು ಸಲ ಕೈ ಝಾಡಿಸ್ತೀನಂತ. ನನಗ ಗೊತ್ತೇ ಇರಲಿಲ್ರೀ.”

“ನೀವು ಓದಿದ್ರೇನು?” ಎಂದೆ.

“ನನಗ ಕನ್ನಡ ಓದಾಕ ಬರಂಗಿಲ್ರೀ. ನಂದು ಮರಾಠಿ ಸಾಲಿ, ಚೌಥಿ ತನಕ ಕಲತೀನಿ. ಇಕೀನೇ ಓದಿ ತೋರಿಸ್ತಾಳ.” ಹೇಳುವಾಗ ಅವಳ ಮುಖದಲ್ಲಿ ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು.

ಶ್ರಾವಣ ಬಂತು. ನಾನು ಮಕ್ಕಳಿಗೆ ಹೊಸ ಕೆಲಸ ಕೊಟ್ಟೆ. ಮನೆಯಲ್ಲಿ ನಡೆಯುವ ಯಾವುದಾದರೂ ಒಂದು ಕೆಲಸವನ್ನು ಐದು ನಿಮಿಷ ಹಿಡಿಯಬೇಕು. ಫೋನನ್ನು ಒಂದೇ ಕಡೆ ನಿಲ್ಲಿಸಿಡಬೇಕು, ಕೈಯಲ್ಲಿ ಹಿಡಿದು ತಿರುಗಿಸಬಾರದು, ಎಲ್ಲೂ ಕತ್ತರಿಸಬಾರದು. ಆಮೇಲೆ ಅದನ್ನೇ ನೋಡಿ ಬರೆಯಬೇಕು. ಮಕ್ಕಳು ತಂದದ್ದರಲ್ಲಿ ಹೆಚ್ಚಿನವು ರೊಟ್ಟಿ, ಹಾಲು ಕರೆಯುವುದು, ಮೋಟಾರ್‌ಸೈಕಲ್ ತೊಳೆಯುವುದು. ಈ ಹುಡುಗಿ ತಂದದ್ದು ಶ್ರಾವಣ ಸೋಮವಾರದ ಪಾದಪೂಜೆ.

ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕು. ನಮ್ಮದು ಅಯ್ಯನವರ, ಅಂದರೆ ಜಂಗಮರ, ಮನೆ. ಸುತ್ತಲಿನ ಊರುಗಳಲ್ಲಿ ನಮ್ಮ ಮನೆತನಕ್ಕೆ ನಡೆದುಕೊಳ್ಳುವ ಭಕ್ತರ ಮನೆಗಳಿವೆ. ಮದುವೆ, ಗೃಹಪ್ರವೇಶ, ಕೂಸಿಗೆ ಲಿಂಗ ಕಟ್ಟುವುದು, ಎಲ್ಲಕ್ಕೂ ನಮ್ಮವರೇ ಹೋಗಬೇಕು. ಶ್ರಾವಣದಲ್ಲಿ ಭಕ್ತರು ಅಯ್ಯನವರನ್ನು ಮನೆಗೆ ಕರೆಸಿ, ಕಾಲನ್ನು ಹರಿವಾಣದಲ್ಲಿ ಇರಿಸಿ, ನೀರೆರೆದು, ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ ಪೂಜಿಸುತ್ತಾರೆ. ಆ ನೀರನ್ನು ಮನೆಮಂದಿಯೆಲ್ಲ ಪ್ರಸಾದವೆಂದು ತೆಗೆದುಕೊಳ್ಳುತ್ತಾರೆ. ನನಗೆ ಏಳು ವರ್ಷವಿದ್ದಾಗ ಅಪ್ಪನಿಗೆ ಜ್ವರ ಬಂದು, ಒಂದು ಮನೆಗೆ ನನ್ನನ್ನೇ ಕಳಿಸಿದ್ದರು. ಹಣ್ಣು ಹಣ್ಣು ಮುದುಕನೊಬ್ಬ ನನ್ನ ಕಾಲಿಗೆ ತಣ್ಣೀರು ಎರೆದಾಗ ಕಚಗುಳಿಯಾಗಿ ನಕ್ಕುಬಿಟ್ಟಿದ್ದೆ. ಅವನು ನಗಲಿಲ್ಲ, ಕಣ್ಣು ಮುಚ್ಚಿದ್ದ. ನಾನು ಮಾಸ್ತರಕಿ ಹಿಡಿದೆ. ಭಕ್ತರ ಮನೆಗಳನ್ನು ನನ್ನ ಅಣ್ಣ ನೋಡಿಕೊಳ್ಳುತ್ತಾನೆ. ಆ ಹುಡುಗಿಯ ಮನೆಯೂ ನಮ್ಮ ಭಕ್ತರ ಮನೆಯೇ.

ಮಧ್ಯಾಹ್ನದ ಸೂಟಿಯಲ್ಲಿ ಆಫೀಸ್ ಕೋಣೆಯಲ್ಲಿ ಕೂತು ಅವಳ ವಿಡಿಯೋ ನೋಡಿದೆ. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ತಗ್ಗಿನಲ್ಲಿ ಇಟ್ಟಿದ್ದಳು, ಹಾಗಾಗಿ ಯಾರ ಮುಖವೂ ಕಾಣುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ, ಹರಿವಾಣ, ಎರಡು ಕಾಲು, ಬಂದು ಹೋಗುವ ಕೈಗಳು. ಚಿಕ್ಕಂದಿನಲ್ಲಿ ಬಂಡಿಯ ಗಾಲಿ ಹಾಯ್ದು ಸೊಟ್ಟಗಾದ ಹೆಬ್ಬೆರಳನ್ನು ನೋಡಿದ ಕೂಡಲೇ ಅಣ್ಣನ ಕಾಲು ಎಂದು ಗುರುತಿಸಿದೆ. ಮೊದಲು ಅಜ್ಜಿಯ ಕೈ, ಆಮೇಲೆ ಹುಡುಗಿಯ ಅಪ್ಪನ ಕೈ, ಹಸಿರು ಬಳೆಯ ತಾಯಿಯ ಕೈ. ಕೊನೆಗೆ ಬಳೆಯಿಲ್ಲದ ಎರಡು ಕೈಗಳು ತಂಬಿಗೆ ಹಿಡಿದು ಬಂದವು. ಕಾಲು ಹಿಂದೆ ಸರಿಯಿತು. ಹುಡುಗಿ ಬರೆದದ್ದು ಇದು:

‘ಕೊನೆಗೆ ಅತ್ತಿ ತಂಬಿಗೆ ತಂದಳು. ಅಯ್ಯನವರು ಹರಿವಾಣದೊಳಗಿನ ಕಾಲು ತೆಗೆದು ಕುರ್ಚಿಯ ಕೆಳಗೆ ಇಟ್ಟುಕೊಂಡರು. ಅತ್ತಿ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು. ತಂಬಿಗೆಯ ನೀರು ಹಾಗೇ ಇತ್ತು.’

ನಾಲ್ಕು ವಾಕ್ಯ. ನಾನು ಎರಡು ಮೂರು ಸಲ ಓದಿದೆ. ಅವಳು ಯಾರನ್ನೂ ಬೈದಿರಲಿಲ್ಲ, ಪಾಪ ಎಂದಿರಲಿಲ್ಲ, ಯಾಕೆ ಎಂದು ಕೇಳಿರಲಿಲ್ಲ. ನಾನು ಕಲಿಸಿದ್ದನ್ನು ಅಕ್ಷರಶಃ ಪಾಲಿಸಿದ್ದಳು. ನಮ್ಮ ಮತದಲ್ಲಿ ಸೂತಕವಿಲ್ಲ, ಗಂಡ ಸತ್ತವಳು ಕಡಿಮೆಯವಳಲ್ಲ ಎಂದು ನಾವು ಅಯ್ಯನವರೇ ಊರೂರಿನಲ್ಲಿ ಹೇಳಿಕೊಂಡು ಬಂದವರು. ಅದೇ ಮಾತನ್ನು ನನ್ನ ಅಣ್ಣ ಎಷ್ಟೋ ಚಪ್ಪರಗಳಲ್ಲಿ ಹೇಳಿದ್ದು ನಾನು ಕೇಳಿದ್ದೇನೆ. ಓದುತ್ತ ಓದುತ್ತ ನನ್ನ ಅವ್ವನ ನೆನಪಾಯಿತು. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಮಠದ ಗುರುಗಳು ಬಂದಾಗಲೆಲ್ಲ ಅವ್ವ ತಂಬಿಗೆಯನ್ನು ಅತ್ತಿಗೆಯ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತಿದ್ದಳು. ಯಾರೂ ಹೋಗು ಎಂದಿರಲಿಲ್ಲ. ಹತ್ತು ವರ್ಷ ಅದು ನನ್ನ ಕಣ್ಣ ಮುಂದೆಯೇ ನಡೆದಿತ್ತು, ಒಮ್ಮೆಯೂ ನನ್ನ ತಲೆಗೆ ಹೋಗಿರಲಿಲ್ಲ. ಆಫೀಸ್ ಕೋಣೆಯಲ್ಲಿ ಕೂತು ನನಗೆ ನಾಚಿಕೆಯಾಯಿತು.

ಆ ಸಂಜೆ ಅಣ್ಣನನ್ನು ಕೇಳಿದೆ. ಅವನು ಅಂಗಳದಲ್ಲಿ ಕೂತು ವಿಭೂತಿ ಗಟ್ಟಿಗಳನ್ನು ಒಣಗಿಸಿ ಡಬ್ಬಿಗೆ ತುಂಬುತ್ತಿದ್ದ.

“ನಾ ಏನು ಮಾಡ್ಲೋ?” ಎಂದ. “ಆ ಮನಿ ಮುದುಕೀನೇ ಮೊದಲ ಹೇಳಿದ್ದಳು. ಮೊಮ್ಮಗನಿಗಿ ಹೆಣ್ಣು ನೋಡಾಕತ್ತೀವಿ, ಬೀಗರ ಕಡಿ ಮಂದಿ ಬಂದಾರ, ಆಕಿ ಬಂದ್ರ ಕಾಲು ಸರಿಸಿಬಿಡ್ರಿ ಅಂತ. ಆಕಿ ಬರೂದಿಲ್ಲ ಅಂತ ತಿಳಕೊಂಡಿದ್ದೆ. ಬಂದಳು.”

“ಅದಕ್ಕ ಸರಿಸಿದಿ?”

“ನಿನ್ನ ಮಾಸ್ತರಕಿ ನನ್ನ ಕಾಲಿಗ್ಯಾಕ ತರ್ತಿ?” ಎಂದು ಡಬ್ಬಿಯ ಮುಚ್ಚಳ ಒತ್ತಿದ. ಡಬ್ಬಿಯನ್ನು ಬದಿಗಿಟ್ಟು, “ನನಗೂ ಆ ದಿನ ಊಟ ಸೇರಲಿಲ್ಲ,” ಎಂದ. ಅಣ್ಣ ಕೆಟ್ಟವನಲ್ಲ. ಅದು ನನಗೆ ಇನ್ನೂ ತೊಂದರೆಯಾಯಿತು.

ಇಷ್ಟರಲ್ಲಿ ಉಮರ್ಗಾದಲ್ಲಿ ಗಡಿ ಕಡೆಯ ಶಾಲೆಗಳ ಮಾಸ್ತರರ ಒಂದು ದಿನದ ಶಿಬಿರ ನಿಗದಿಯಾಯಿತು. ವಿಡಿಯೋ ತೋರಿಸಿ ಬರೆಸುವ ನನ್ನ ಪದ್ಧತಿಯ ಸುದ್ದಿ ಹೇಗೋ ಹಬ್ಬಿತ್ತು. ಒಬ್ಬ ವಿದ್ಯಾರ್ಥಿಯನ್ನು ಕರೆತಂದು ಮಾಡಿ ತೋರಿಸಿ ಎಂದರು. ನನಗೆ ಉಬ್ಬು ಬಂತು, ಸುಳ್ಳು ಯಾಕೆ ಹೇಳಲಿ. ಹಾಡು ಕುಣಿತಗಳಿಗಾಗಿ ಮಕ್ಕಳನ್ನು ಕರೆದೊಯ್ಯುವ ಶಾಲೆಗಳ ನಡುವೆ ನಾನು ಬರೆಯುವ ಹುಡುಗಿಯನ್ನು ಕರೆದೊಯ್ಯುತ್ತೇನೆ ಎಂಬ ಜಂಬ. ಅವಳ ಬರಹಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಪಾದಪೂಜೆಯದೇ. ಮೊದಲು ಅವಳು ಓದಬೇಕು, ಆಮೇಲೆ ವಿಡಿಯೋ ತೋರಿಸಬೇಕು, ಮಗು ಎಷ್ಟು ಸೂಕ್ಷ್ಮವಾಗಿ ನೋಡಿದೆ ಎಂದು ಎಲ್ಲರೂ ಬಾಯಿ ಬಿಡಬೇಕು. ನಾನು ಹಾಗೆಲ್ಲ ಮನಸ್ಸಿನಲ್ಲೇ ಚಿತ್ರ ಬರೆದುಕೊಂಡೆ.

ಹೋಗುವ ಹಿಂದಿನ ದಿನ ಆ ನಾಲ್ಕು ವಾಕ್ಯಗಳ ಮೇಲೆ ಕೆಂಪು ಪೆನ್ನಿನಿಂದ ಗೀಟು ಹೊಡೆದೆ.

ಹುಡುಗಿ ಹಾಳೆ ನೋಡಿದಳು. “ತಪ್ಪು ಬರದೀನೇನ್ರೀ ಸರ್?”

“ತಪ್ಪಲ್ಲ. ಉದ್ದ ಆಗ್ಯಾದ. ಇಷ್ಟು ಬಿಟ್ಟು ಉಳಿದದ್ದು ಚೊಕ್ಕ ಮಾಡಿ ಬರಿ.”

“ಕಂಡಿದ್ದೇ ಬರದೀನ್ರೀ. ಬೇಕಾದ್ರ ವಿಡಿಯೋ ಹಚ್ಚಿ ನೋಡ್ರಿ.”

“ಹೇಳಿದಷ್ಟು ಕೇಳು!” ಎಂದು ಗದರಿಬಿಟ್ಟೆ. ಪಕ್ಕದ ಕೋಣೆಯ ಮಕ್ಕಳು ಬಾಗಿಲಿಗೆ ಬಂದು ಇಣುಕಿದರು. ನನ್ನ ಸಿಟ್ಟು ಯಾರ ಮೇಲೆ ಇತ್ತೋ ನನಗೇ ಗೊತ್ತಿರಲಿಲ್ಲ, ಸಿಕ್ಕಿದ್ದು ಮಾತ್ರ ಅವಳಿಗೆ. ಅವಳು ತಲೆ ತಗ್ಗಿಸಿ ಹಾಳೆ ತೆಗೆದುಕೊಂಡು ಹೋಗಿ ಚೊಕ್ಕ ಅಕ್ಷರದಲ್ಲಿ ಮತ್ತೆ ಬರೆದು ತಂದಳು. ಗೀಟು ಹೊಡೆದ ಹಳೆಯ ಹಾಳೆಯನ್ನು ನಾನು ನನ್ನ ಚೀಲದಲ್ಲಿ ಇಟ್ಟುಕೊಂಡೆ.

ವಿಡಿಯೋವನ್ನು ಯಾಕೆ ಕತ್ತರಿಸಲಿಲ್ಲ ಎಂದು ಕೇಳಬಹುದು. ಕತ್ತರಿಸಬಾರದು ಎಂಬುದು ನನ್ನದೇ ಕಾಯಿದೆ, ಅದನ್ನು ಶಿಬಿರದಲ್ಲಿ ದೊಡ್ಡದಾಗಿ ಹೇಳುವವನಿದ್ದೆ. ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆಯ ಜನ ಪಾದಪೂಜೆಯನ್ನು ನೋಡುವುದಿಲ್ಲ. ಹರಿವಾಣದಲ್ಲಿ ಕಾಲು ಇಟ್ಟ ಕೂಡಲೇ ಕೈಮುಗಿದು ತಲೆ ಬಾಗಿಸುತ್ತಾರೆ. ಟಿವಿಯಲ್ಲಿ ತೋರಿಸಿದರೂ ಬಾಗಿಸುತ್ತಾರೆ. ಬಾಗಿದ ತಲೆಗಳಿಗೆ ಕಾಲು ಸರಿದದ್ದು ಕಾಣುವುದಿಲ್ಲ ಎಂದು ಲೆಕ್ಕ ಹಾಕಿದೆ. ಅಯ್ಯನವರ ಮನೆಯಲ್ಲಿ ಹುಟ್ಟಿದವನಿಗೇ ಹೊಳೆಯುವ ಲೆಕ್ಕ ಅದು.

ಬೆಳಿಗ್ಗೆ ಬಸ್‌ಸ್ಟಾಪಿಗೆ ಹುಡುಗಿಯ ಜೊತೆ ಬಂದವಳು ಅತ್ತೆ. ಅಪ್ಪ ಬರುತ್ತಾನೆ ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಬೂದುಬಣ್ಣದ ಸೀರೆ ಉಟ್ಟಿದ್ದಳು, ಕೈಯಲ್ಲಿ ಬುತ್ತಿಯ ಗಂಟು. ಉಮರ್ಗಾ ಬಸ್ಸು ಖಾಲಿಯಿತ್ತು. ನನ್ನ ಹಿಂದಿನ ಸೀಟಿನಲ್ಲಿ ಕೂತು ಮುಂದಕ್ಕೆ ಬಾಗಿ ಸಣ್ಣ ದನಿಯಲ್ಲಿ ಹೇಳಿದಳು.

“ಸರ್, ಆ ಪಾದಪೂಜಿದು ನಾ ಕೇಳೀನ್ರೀ. ಮೂರು ಸಲ ಓದಿಸೀನಿ. ಅವತ್ತಿನಿಂದ ಮನ್ಯಾಗ ಯಾರೂ ಆ ಮಾತು ತಗದಿಲ್ಲ. ಅಣ್ಣನೂ ಇಲ್ಲ, ಅವ್ವನೂ ಇಲ್ಲ. ಏನೂ ಆಗಿಲ್ಲ ಅನ್ನೂಹಂಗ ಇದ್ದಾರ. ಒಂದೊಂದು ಸಲ ನನಗೇ ಖರೇ ಆಗಿತ್ತೋ ಇಲ್ಲೋ ಅನಸ್ತದ. ಇಕಿ ಬರದಾಳ ನೋಡ್ರಿ. ಇವತ್ತ ಮಂದಿ ಮುಂದ ಓದ್ತಾಳ. ಅದಕ್ಕ ಬಂದೀನಿ.”

ನಾನು ಹೂಂ ಎಂದೆ. ಅಷ್ಟೇ. ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು, ಅತ್ತೆಗೆ ಅವಳು ಏನೂ ಹೇಳಿರಲಿಲ್ಲ. ಗೀಟು ಹೊಡೆದ ಹಾಳೆ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ತೆಗೆದು ಅವಳ ಕೈಗೆ ಕೊಟ್ಟು ‘ಇದನ್ನೇ ಓದು’ ಎಂದರೆ ಮುಗಿಯಿತು. ಹೆದ್ದಾರಿ ಸೇರುವ ತನಕ ಕೊಡಬೇಕು ಎಂದುಕೊಂಡೆ. ಉಮರ್ಗಾದ ಮೊದಲ ಧಾಬಾಗಳು ಕಂಡಾಗ ಮತ್ತೊಮ್ಮೆ ಅಂದುಕೊಂಡೆ. ಅಣ್ಣನ ಮುಖ, ಭಕ್ತರ ಮನೆಗಳು, ನಾಳೆ ಊರಲ್ಲಿ ಏಳುವ ಮಾತು, ಹುಡುಗಿಗೆ ಅಜ್ಜಿಯಿಂದ ಬೀಳಬಹುದಾದ ಏಟು, ಇಷ್ಟನ್ನೂ ಒಂದೊಂದಾಗಿ ಎಣಿಸಿಕೊಂಡೆ. ಹುಡುಗಿಗಾಗಿಯೇ ನಾನು ಹೀಗೆ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಾಗ ಬಸ್ಸು ಸ್ಟ್ಯಾಂಡಿನೊಳಗೆ ತಿರುಗಿತ್ತು.

ಸಭಾಗೃಹದಲ್ಲಿ ಐವತ್ತು ಅರವತ್ತು ಜನ ಮಾಸ್ತರರು. ಕನ್ನಡದವರೇ ಹೆಚ್ಚು, ಕೆಲವರು ಮರಾಠಿ ಶಾಲೆಯವರು, ಉದಗೀರಿನ ಉರ್ದು ಶಾಲೆಯಿಂದ ಒಬ್ಬ ಶಿಕ್ಷಕಿ ಬಂದಿದ್ದರು, ನಮ್ಮ ಕಡೆ ಶಿಕ್ಷಕಿಯರನ್ನು ಬಾಯಿ ಎನ್ನುತ್ತಾರೆ. ಅತ್ತೆ ಹಿಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಳು. ನಾನು ಪದ್ಧತಿ ವಿವರಿಸಿದೆ. ಕಂಡಷ್ಟೇ ಬರೆಯಬೇಕು, ಯಾವುದನ್ನೂ ಕತ್ತರಿಸಬಾರದು ಎಂದು ಹೇಳುವಾಗ ನನ್ನ ದನಿ ಎಂದಿನಂತೆಯೇ ಇತ್ತು.

ಹುಡುಗಿ ನಿಂತು ಓದಿದಳು. ಅಜ್ಜಿಯ ಕೈ ನಡುಗಿದ್ದು, ಪತ್ರಿಯ ಎಲೆಯೊಂದು ಕಾಲಿಗೆ ಅಂಟಿದ್ದು, ಅಪ್ಪ ವಿಭೂತಿ ಹಚ್ಚಿ ಬೆರಳನ್ನು ಧೋತರಕ್ಕೆ ಒರೆಸಿಕೊಂಡದ್ದು, ತಾಯಿಯ ಬಳೆ ಹರಿವಾಣಕ್ಕೆ ತಾಗಿದ್ದು. ಸಭೆ ಕಿವಿಗೊಟ್ಟು ಕೇಳುತ್ತಿತ್ತು. ನಾನು ಅತ್ತೆಯ ಕಡೆ ನೋಡಬಾರದು ಎಂದುಕೊಂಡು ನೋಡಿದೆ. ತಾಯಿಯ ಭಾಗ ಮುಗಿಯುತ್ತಿದ್ದಂತೆ ಅವಳು ಸೆರಗನ್ನು ಸರಿಮಾಡಿಕೊಂಡು ನೆಟ್ಟಗೆ ಕೂತಳು. ತನ್ನ ಹೆಸರು ಕರೆಯುವುದನ್ನು ಕಾಯುವವರು ಕೂರುವ ಹಾಗೆ. ಹುಡುಗಿ ಹಾಳೆ ತಿರುಗಿಸಿ, “ಆಮೇಲೆ ಅಜ್ಜಿ ಎಲ್ಲರಿಗೂ ತೀರ್ಥ ಕೊಟ್ಟಳು,” ಎಂದು ಓದಿ ಮುಗಿಸಿದಳು. ಚಪ್ಪಾಳೆ ಬಿತ್ತು. ಅತ್ತೆ ಇನ್ನೂ ಇದೆಯೇನೋ ಎಂದು ಹುಡುಗಿಯ ಬಾಯಿಯನ್ನೇ ನೋಡುತ್ತಿದ್ದಳು.

ಲೈಟು ಆರಿಸಿ ಅಲ್ಲಿನ ಟಿವಿಗೆ ವಿಡಿಯೋ ಹಚ್ಚಿದೆ. ನಾನು ಹಾಕಿದ ಲೆಕ್ಕ ಸರಿಯಾಗಿತ್ತು. ಹರಿವಾಣದಲ್ಲಿ ಕಾಲು ಕಂಡದ್ದೇ ತಡ, ಹೆಚ್ಚುಕಡಿಮೆ ಇಡೀ ಸಭೆ ಕೈಮುಗಿದು ತಲೆ ಬಾಗಿಸಿತು. ಕಾಲು ಸರಿಯಿತು, ಬಳೆಯಿಲ್ಲದ ಕೈಗಳು ತಂಬಿಗೆ ಹಿಡಿದು ನಿಂತವು, ಹಿಂದೆ ಹೋದವು. ಯಾರೂ ಮಿಸುಕಲಿಲ್ಲ. ಲೈಟು ಹಾಕಿದಾಗ ಆ ಉರ್ದು ಶಾಲೆಯ ಬಾಯಿ ಕೈ ಎತ್ತಿದರು. ಅವರ ತವರು ಬೀದರ ಕಡೆ, ಕನ್ನಡ ಸಲೀಸಾಗಿ ಬರುತ್ತಿತ್ತು. ಕೈಮುಗಿಯುವ ರೂಢಿ ಅವರದಲ್ಲ, ಹಾಗಾಗಿ ಮೊದಲಿನಿಂದ ಕೊನೆಯ ತನಕ ತಲೆ ಎತ್ತಿ ನೋಡಿದ್ದರು.

“ಬಹಳ ಛಲೋ ಬರದಿ ಬೇಟಾ,” ಎಂದರು. “ಎಲಿ ಅಂಟಿದ್ದು ಸುದ್ದಾ ಬಿಟ್ಟಿಲ್ಲ ನೀ. ಮತ್ತ ಆಖಿರಿಗಿ ಒಬ್ಬ ಹೆಣ್ಮಗಳು ತಂಬಿಗಿ ತಂದ್ಲಲ್ಲ, ನೀರು ಹಾಕದೇ ವಾಪಸ್ ಹೋದ್ಲು. ಅದನ್ಯಾಕ ಬರೀಲಿಲ್ಲ?”

ಹುಡುಗಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಏನು ಹೇಳಲಿ ಎಂದು ಕೇಳುತ್ತಿದ್ದಳು, ಅಷ್ಟೇ. ನಾನು ಬಾಯಿ ಬಿಟ್ಟು ‘ಆಕಿ ಬರದಿದ್ದಳು, ನಾನು ತಗದೆ’ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ನಾನು ಟಿವಿಯ ವೈರು ಬಿಚ್ಚಲು ಬಾಗಿದೆ.

“ನಾ ನೋಡಿಲ್ರೀ,” ಎಂದಳು ಹುಡುಗಿ.

“ಸಣ್ಣ ಕೂಸು, ಒಂದೊಂದು ತಪ್ತಾವ ಬಿಡ್ರಿ,” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆ ಬಾಯಿ ಮಾತ್ರ ನಗಲಿಲ್ಲ, ನನ್ನನ್ನು ಒಮ್ಮೆ ನೋಡಿ ಕೂತರು. ಚಹಾ ಬಂತು. ಮೂರು ನಾಲ್ಕು ಜನ ಮಾಸ್ತರರು ನನ್ನ ಕೈ ಕುಲುಕಿ ನಂಬರು ಬರೆದುಕೊಂಡರು. ನಾನು ನಗುತ್ತ ಕೊಟ್ಟೆ.

ವಾಪಸ್ ಬರುವ ಬಸ್ಸಿಗಾಗಿ ಕಾಯುವಾಗ ಅತ್ತೆ ಬುತ್ತಿ ಬಿಚ್ಚಿ ಹುಡುಗಿಗೆ ಕೊಟ್ಟು, ನನಗೂ ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯೆ ಇಟ್ಟು ಕೊಟ್ಟಳು. ಕೊಡುವಾಗ ಕೇಳಿದಳು.

“ನೀವು ತಗದ್ರೇನ್ರೀ ಸರ್?”

“ಹೌದು,” ಎಂದೆ. “ನಿಮ್ಮ ಮನಿ ಮಾತು ಹತ್ತು ಮಂದ್ಯಾಗ ಯಾಕ ಅಂತ.”

ಅವಳು ಗಂಟಿನ ಬಟ್ಟೆಯನ್ನು ಮಡಚಿದಳು. “ಮನಿ ಮಾತು ಅಲ್ರೀ ಅದು, ನನ್ನ ಮಾತು. ನನ್ನ ಕೇಳಬಹುದಿತ್ತು,” ಎಂದಳು. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು, ಸಿಟ್ಟಿನ ಭಾಷೆ ನನಗೆ ಬರುತ್ತದೆ. ಚೀಲದ ಹಾಳೆಯನ್ನು ಆಗಲಾದರೂ ಅವಳಿಗೆ ಕೊಡಬಹುದಿತ್ತು. ಕೊಡಲಿಲ್ಲ. ಓದಲು ಬಾರದವಳಿಗೆ ಕೊಟ್ಟು ಏನು ಎಂದು ನೆಪ ಹುಡುಕಿಕೊಂಡೆ, ರೊಟ್ಟಿಯನ್ನು ಮಾತ್ರ ಪೂರ್ತಿ ತಿಂದೆ.

ಆ ಮೇಲೆ ಸಂಜೆ ಹುಡುಗಿಯನ್ನು ಕರೆದೊಯ್ಯಲು ಅವಳ ತಾಯಿ ಬರತೊಡಗಿದಳು. ಅತ್ತೆಗೆ ಹೊಲದ ಕೆಲಸ ಎಂದರು. ಅಣ್ಣನಿಗೆ ನಾನು ಶಿಬಿರದ ಸುದ್ದಿ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮುಂದಿನ ವಾರ ತರಗತಿಗೆ ಹೊಸ ವಿಡಿಯೋ ತಂದಿದ್ದೆ. ನಿಲಂಗಾದ ಒಂದು ಬೀದಿಯಲ್ಲಿ ಮಡಕೆ ಮಾರುವ ಗಂಡ ಹೆಂಡತಿ, ಅವರ ಮುಂದೆ ಚೌಕಾಸಿ ಮಾಡುವ ಗಿರಾಕಿಗಳು. ಮಕ್ಕಳು ಬೆಂಚು ಸರಿಸಿಕೊಂಡು ಕೂತರು. ಹುಡುಗಿ ಮೂರನೇ ಸಾಲಿನಲ್ಲಿ ನೋಟ್‌ಬುಕ್ ತೆರೆದು ದಿನಾಂಕ ಬರೆದು ಕೆಳಗೆ ಗೆರೆ ಎಳೆದಳು. ನಾನು ದನಿ ಬಂದ್ ಮಾಡಿ ಗುಂಡಿ ಒತ್ತುವುದರಲ್ಲಿದ್ದೆ, ಅವಳು ಕೈ ಎತ್ತಿದಳು. ತರಗತಿಯಲ್ಲಿ ಅವಳಾಗಿಯೇ ಕೈ ಎತ್ತಿದ್ದು ಅದೇ ಮೊದಲು. ಮುಖದಲ್ಲಿ ಕುಹಕವಿರಲಿಲ್ಲ, ಮುನಿಸಿರಲಿಲ್ಲ. ಹೋಮ್‌ವರ್ಕ್ ಎಷ್ಟು ಪುಟ ಎಂದು ಕೇಳುವ ಮಕ್ಕಳ ಮುಖವೇ ಅದು.

“ಸರ್,” ಎಂದಳು, “ಇದರಾಗ ಏನೇನು ನೋಡಬಾರದು ಅಂತ ಮೊದಲೇ ಹೇಳಿಬಿಡ್ರಿ.”

ಉಳಿದ ಮಕ್ಕಳು ನನ್ನ ಉತ್ತರಕ್ಕೆ ಪೆನ್ಸಿಲ್ ಹಿಡಿದು ಕಾಯುತ್ತಿದ್ದರು.